ಹನ್ನೊಂದನೇ ಗೂಟದ ನೀರು

ಜೌಗುನೆಲದ ಕಾವಲಿನಲ್ಲಿ ಹತ್ತು ವರ್ಷ ದುಡಿದವನು ನಾನು. ದೆವ್ವ ಅನ್ನುವುದಕ್ಕೆ ಈಗಲೂ ನಾಲಿಗೆ ಏಳುವುದಿಲ್ಲ.

ಕಡಲು ಏರಿ ಬಂದು, ಉಪ್ಪು ಹೆಚ್ಚಾಗಿ, ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳೂ ಸಾಯುತ್ತಿದ್ದವು. ತಿಂಗಳಿಗೊಮ್ಮೆ ದೋಣಿಯಲ್ಲಿ ಹೋಗಿ ಗುರುತಿಗೆ ನೆಟ್ಟ ಒಂದೊಂದು ಗೂಟದ ಬಳಿಯೂ ಉಪ್ಪಿನ ಪರೀಕ್ಷೆಗೆಂದು ಬಾಟಲಿಯಲ್ಲಿ ನೀರು ತುಂಬಿಕೊಳ್ಳುತ್ತಿದ್ದೆ. ಅಂದು ಸುಡುವ ಮಧ್ಯಾಹ್ನ. ಹನ್ನೊಂದನೇ ಗೂಟದ ಹತ್ತಿರ ನಾನು ಕೂತಿದ್ದ ಹಲಗೆ ಇದ್ದಕ್ಕಿದ್ದಂತೆ ತಣ್ಣಗಾಯಿತು. ಎಲ್ಲೋ ಬಾವಿಯ ರಾಟೆ ಕಿರುಗುಟ್ಟಿತು. ಸುತ್ತ ಕಣ್ಣು ಹಾಯುವಷ್ಟೂ ಬರೀ ನೀರು.

ದೋಣಿಯವನು ಹುಟ್ಟು ಹಾಕುವುದನ್ನು ನಿಲ್ಲಿಸಿದ. "ಮಾತಾಡ್ಬೇಡಿ ಸಾರ್. ಇಲ್ಲೇ ನಮ್ಮಕ್ಕನ ಮನೆ ಇದ್ದಿದ್ದು. ಕಡಲು ಬಂದಾಗ ನಾವೆಲ್ಲ ಓಡಿದ್ವಿ. ಬಾವಿ ಬಿಟ್ಟು ಬರಲ್ಲ ಅಂದ್ಲು ಅವ್ಳು."

ಕೊಡ ಮುಳುಗುವ ಗುಳುಗುಳು ಸದ್ದು ನಮ್ಮ ದೋಣಿಯ ಕೆಳಗೇ ಕೇಳಿಸಿತು. ಅವನು ನೀರಿನತ್ತ ಬಗ್ಗಿ, "ಸಾಕು ಬಾರೇ ಅಕ್ಕಾ" ಎಂದ. ರಾಟೆ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ತಿರುಗತೊಡಗಿತು.

ನಾನು ಬಾಟಲಿಗೆ ನೀರು ತುಂಬಿಕೊಂಡೆ. ಎರಡು ದಿನದ ಮೇಲೆ ಪ್ರಯೋಗಾಲಯದವರು ಫೋನಿನಲ್ಲಿ ನಕ್ಕರು: "ಏನ್ ಸಾರ್, ಕುಡಿಯೋ ನೀರು ಕಳ್ಸಿದೀರಲ್ಲಾ?"

ಆಮೇಲೆ ಎಷ್ಟು ಸಲ ಅಳೆದರೂ ಆ ಒಂದು ಗೂಟದ ನೀರಿನಲ್ಲಿ ಉಪ್ಪಿಲ್ಲ. ದೋಣಿಯವನು ಈಗ ದಿನವೂ ಖಾಲಿ ಕೊಡ ಇಟ್ಟುಕೊಂಡು ಒಬ್ಬನೇ ಅಲ್ಲಿಗೆ ಹೋಗುತ್ತಾನೆ, ತುಂಬಿದ ಕೊಡದೊಂದಿಗೆ ಬರುತ್ತಾನೆ. ಅದನ್ನು ತುಂಬಿಸಿಕೊಡುವವರು ಯಾರೆಂದು ನಾನು ಕೇಳಿಲ್ಲ.