ಐವತ್ತೆಂಟು ತಾಸು

ಗಾಜಿನ ಮುಚ್ಚಳದ ಮೇಲಿನ ಮಂಜನ್ನು ಅಂಜನಾಬಾಯಿ ಸೆರಗಿನಿಂದ ಒರೆಸಿದಳು. ಒಳಗೆ ಅವಳ ತಾಯಿ ಜಿಜಾಬಾಯಿ ಮಲಗಿದ್ದಳು. ಮುಖ ಶಾಂತವಾಗಿತ್ತು. ಎಡಗೈ ಹೆಬ್ಬೆರಳು ಮಾತ್ರ ಕಡುನೀಲಿ.

ಅಂಜನಾಬಾಯಿಯ ಕಣ್ಣೀರು ನಿಂತೇಹೋಯಿತು. ಹೊರಗೆ ಬಂದು ಔರಾದಿನ ಪೊಲೀಸರಿಗೆ ಫೋನ್ ಮಾಡಿದಳು.

ಬರದ ಎರಡನೆಯ ವರ್ಷ ಅದು. ಡಾಬಕಾದ ಅರ್ಧ ಮನೆಗಳಿಗೆ ಬೀಗ. ದುಡಿಯುವವರೆಲ್ಲ ಪುಣೆ, ಹೈದರಾಬಾದು ಸೇರಿದ್ದರು. ಮಕ್ಕಳು ಬರುವವರೆಗೆ ಹೆಣ ಕೆಡಬಾರದಲ್ಲ, ಅದಕ್ಕೆಂದೇ ನೌಬಾದದಿಂದ ತಂಪು ಪೆಟ್ಟಿಗೆಯೊಂದನ್ನು ಬಾಡಿಗೆಗೆ ತಂದು ಸಮುದಾಯ ಭವನದಲ್ಲಿ ಇಟ್ಟಿದ್ದರು. ಎಂಥ ಕಾಲ ಬಂತು ನೋಡಿ! ಈಗ ಆ ಪೆಟ್ಟಿಗೆ ಜಿಜಾಬಾಯಿಯ ನಡುಮನೆಯಲ್ಲಿ ಗುಂಯ್‌ಗುಡುತ್ತಿತ್ತು.

* * *

ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಪಿಎಸ್‌ಐ ಸತ್ಯಮ್ಮ ಬಂದರು.

"ಯಾಕವ್ವಾ ಫೋನ್ ಮಾಡಿದಿ?"

"ನಮ್ಮವ್ವ ಸಹಿ ಕಲತಾಕಿರಿ ಮೇಡಂ. ಹೆಬ್ಬೆಟ್ಟು ಒತ್ತು ಅಂದ್ರ ಜಗಳಕ್ಕೇ ಬರ್ತಿದ್ಳು."

ಜಿಜಾಬಾಯಿಯ ಮೈದುನನ ಮಗ ನರಸಿಂಗ, ಯಾರೂ ಕೇಳದಿದ್ದರೂ, ಕಾಗದವೊಂದನ್ನು ಮುಂದೆ ಹಿಡಿದ. ಮರಣಪತ್ರ. ಮನೆ ಮತ್ತು ಬೋರ್‌ವೆಲ್ ಇದ್ದ ಹೊಲ ಅವನಿಗೆ. ಆ ಸುತ್ತಿನಲ್ಲಿ ಇನ್ನೂ ನೀರು ಬರುತ್ತಿದ್ದದ್ದು ಅದೊಂದೇ ಬೋರ್. ಕೆಳಗೆ ನೀಲಿ ಹೆಬ್ಬೆಟ್ಟು, ಇಬ್ಬರ ಸಾಕ್ಷಿ ಸಹಿ.

"ಗುರುವಾರ ಸಂಜಿಗಿ ಬರೆಸಿದ್ಳರಿ. ಜ್ವರದಾಗ ಕೈ ನಡಗ್ತಿತ್ತು. ಅದಕ್ಕ ಹೆಬ್ಬೆಟ್ಟು."

"ತೀರಿಕೊಂಡದ್ದು?"

"ಶುಕ್ರವಾರ ಮುಂಜಾನಿ ಐದಕ್ಕರಿ. ಆಗಲೇ ಭವನದಿಂದ ಪೆಟ್ಟಿಗಿ ತಂದು ಹಚ್ಚಿದ್ವಿ."

"ಅದಕ್ಕಿಂತ ಮೊದಲ ಯಾರರೆ ಹಚ್ಚಿದ್ರೇನು?"

"ಹ್ಯಾಂಗ ಹಚ್ತಾರ್ರಿ? ಭವನದ ಕೀಲಿ ನನ್ನ ಹತ್ರಾನೇ ಇತ್ತು."

ಎಲ್ಲ ಸರಿಯಾಗಿಯೇ ಇತ್ತು. ಸತ್ಯಮ್ಮ ಡೈರಿ ಮುಚ್ಚಿದರು.

"ಬೋರ್ ಹೋದ್ರ ಹೋಗಲ್ರಿ," ಎಂದಳು ಅಂಜನಾಬಾಯಿ. "ಗುರುವಾರ ಮುಂಜಾನಿ ಪುಣೇದಿಂದ ಮನಿಗಿ ಫೋನ್ ಮಾಡಿದ್ದೆ, ನರಸಿಂಗಣ್ಣ ಎತ್ತಿದ. ಅವ್ವನ ಕೈಯಾಗ ಕೊಡು ಅಂದೆ. 'ಆಕಿ ನಿನ್ನ ಮ್ಯಾಲ ಸಿಟ್ಟಾಗ್ಯಾಳ, ಮಾತಾಡಂಗಿಲ್ಲ' ಅಂದ ಅಣ್ಣ. ರೈಲಿನಾಗ ಭಾಲ್ಕಿ ತನಕ ಅದನ್ನೇ ನೆನಸ್ಕೋತ ಬಂದೀನಿ. ಸಿಟ್ಟಿನಾಗೇ ಸತ್ತಳೇನ್ರಿ ನಮ್ಮವ್ವ?"

ಪೆಟ್ಟಿಗೆ ಗುಂಯ್‌ಗುಡುತ್ತಲೇ ಇತ್ತು. ಅಂಜನಾಬಾಯಿ ತಟ್ಟನೆ ಅದರತ್ತ ತಿರುಗಿದಳು.

"ಮೇಡಂ... ಅವತ್ತು ಫೋನಿನಾಗೂ ಇದೇ ಸಪ್ಪಳ ಕೇಳಿಸ್ತಿತ್ತು."

ಸತ್ಯಮ್ಮ ಮನೆಯೆಲ್ಲ ಸುತ್ತಿ ನೋಡಿದರು. ಫ್ರಿಜ್ ಇಲ್ಲ, ಕೂಲರ್ ಇಲ್ಲ. ಒಂದೇ ಒಂದು ಫ್ಯಾನು, ಅದೂ ಕೆಟ್ಟದ್ದು. ಅಂಥ ಸಪ್ಪಳ ಮಾಡುವಂಥದ್ದು ಆ ಪೆಟ್ಟಿಗೆಯೊಂದೇ.

* * *

ಅಷ್ಟರಲ್ಲಿ ಪೆಟ್ಟಿಗೆಯ ಮಾಲೀಕ ಜಹೀರೋದ್ದೀನ ಬಂದ. ಪೆಟ್ಟಿಗೆ ವಿಪರೀತ ಕರೆಂಟ್ ತಿನ್ನುತ್ತದೆ ಎಂದು ಜನ ಜಗಳ ತೆಗೆದು ತೆಗೆದು ಅವನಿಗೆ ಸಾಕಾಗಿಹೋಗಿತ್ತು. ಅದಕ್ಕೇ ಸಾಕೆಟ್ಟಿಗೂ ಪೆಟ್ಟಿಗೆಯ ಪ್ಲಗ್ಗಿಗೂ ನಡುವೆ ಅಂಗೈಯಗಲದ ಒಂದು ಮೀಟರ್ ಸಿಕ್ಕಿಸಿದ್ದ. ಎಷ್ಟು ಯೂನಿಟ್, ಎಷ್ಟು ತಾಸು, ಎರಡೂ ಅದರಲ್ಲಿ ಕಾಣುತ್ತಿದ್ದವು. ಮನುಷ್ಯನಿಗೆ ಅದರ ಹುಚ್ಚೇ ಹಿಡಿದಿತ್ತು. ಮನೆಯಲ್ಲಿ ಹೆಂಡತಿಯ ಇಸ್ತ್ರಿಯನ್ನೂ ಬಿಟ್ಟಿರಲಿಲ್ಲ.

ಬಗ್ಗಿ ನೋಡಿದವನು ಹುಬ್ಬು ಗಂಟಿಕ್ಕಿದ.

"ಐವತ್ತೆಂಟು ತಾಸು ತೋರಸ್ತದಲ್ರಿ ನರಸಿಂಗಣ್ಣ! ಹೋದ ಐತವಾರ ರಿಪೇರಿ ಮಾಡಿ, ಸೊನ್ನಿಗೆ ತಂದು, ನಿಮ್ಮ ಕೈಯಾಗೇ ಕೀಲಿ ಕೊಟ್ಟಿದ್ದೆ."

ಸತ್ಯಮ್ಮ ಬೆರಳು ಮಡಚಿ ಲೆಕ್ಕ ಹಾಕಿದರು. ಶುಕ್ರವಾರ ಐದರಿಂದ ಈಗಿನವರೆಗೆ ಮೂವತ್ತೊಂದೇ ತಾಸು.

"ಕರೆಂಟ್ ಹೋದಾಗ ಮೀಟರ್ ಓಡ್ತದೇನು?"

"ಇಲ್ರಿ. ಕರೆಂಟ್ ಇದ್ದಾಗಷ್ಟೇ ತಾಸು ಎಣಸ್ತದ."

"ಇಲ್ಲಿ ದಿನಾ ಆರು ತಾಸು ಕರೆಂಟ್ ಇರಂಗಿಲ್ಲ. ಅಂದ್ರ ದಿನಕ್ಕ ಹದಿನೆಂಟೇ ತಾಸು, ಪೆಟ್ಟಿಗಿ ಬುಧವಾರ ಮುಂಜಾನಿ ಹಚ್ಚಿದ್ದು."

ನರಸಿಂಗ ಮೀಟರಿನತ್ತ ಬಗ್ಗಿದ. "ಅದು... ಖಾಲಿ ಹಚ್ಚಿ ನೋಡಿದ್ದೆರಿ."

"ದೊಡ್ಡವ್ವ ಬದುಕಿದ್ದಾಗಲೇ, ಆಕಿ ಮನ್ಯಾಗ?"

ಸತ್ಯಮ್ಮ ಮುಚ್ಚಳ ಎತ್ತಿಸಿದರು. ತಣ್ಣನೆಯ ಉಸಿರೊಂದು ಎಲ್ಲರ ಮುಖಕ್ಕೆ ಬಡಿಯಿತು. ಜಿಜಾಬಾಯಿಯ ಕೈಯ ಕೆಳಗೆ, ಬಿಳಿ ಹಾಸಿನ ಮೇಲೆ, ನೀಲಿ ಶಾಯಿ ರೂಪಾಯಿಯಗಲ ಹರಡಿತ್ತು.

"ಗುರುವಾರ ಸಂಜಿಗಿ ಹಚ್ಚಿದ ಶಾಯಿ ಶುಕ್ರವಾರಕ್ಕ ಒಣಗಿರ್ತದ, ಹಾಸಿನ ಮ್ಯಾಲ ಹರಡಂಗಿಲ್ಲ. ಹೆಬ್ಬೆಟ್ಟು ಒತ್ತಿಸಿದ್ದು ಇದರಾಗ, ಹೆಣದ ಕೈಲೆ. ಬದುಕಿದ್ದಾಗ ಆಕಿ ಒತ್ತತಿರಲಿಲ್ಲ, ಅದಕ್ಕ ಸಾಯೋ ತನಕ ಕಾದಿ. ಸತ್ತ ಸುದ್ದಿ ಎರಡು ದಿನ ಮುಚ್ಚಿಟ್ಟಿ. ಆಕಿ ಹ್ಯಾಂಗ ಸತ್ತಳು ಅನ್ನೂದನ್ನ ಡಾಕ್ಟರ್ ಹೇಳ್ತಾರ."

ನರಸಿಂಗ ಕೈಮುಗಿದ. "ಕೊಂದಿಲ್ರಿ! ಬುಧವಾರ ಮುಂಜಾನಿ ಬಂದಾಗಲೇ ಜೀವ ಹೋಗಿತ್ತು. ಬೋರಿನ ಆಶಾಕ್ಕ ಬಿದ್ದೆರಿ..."

ಅಂಜನಾಬಾಯಿ ಅವನತ್ತ ನೋಡಲೇ ಇಲ್ಲ. ಸತ್ಯಮ್ಮನ ಕೈ ಹಿಡಿದಳು.

"ಗುರುವಾರ ನಾ ಫೋನ್ ಮಾಡಿದಾಗ...?"

"ನಿಮ್ಮವ್ವ ಇರಲೇ ಇಲ್ಲವ್ವಾ. ಸಿಟ್ಟಿನ ಮಾತು ಆಕೀದಲ್ಲ."

ಅಂಜನಾಬಾಯಿ ಪೆಟ್ಟಿಗೆಯ ಪಕ್ಕ ಕುಳಿತಳು. ತಾಯಿಯ ತಣ್ಣನೆಯ ಕೈಯನ್ನು ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು, ಊರಿಗೆ ಬಂದ ಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತಳು.