ಬಿಳಿ ಡಬ್ಬಿಗೆ ಕರಿ ಡಬ್ಬಿಯ ಕಣ್ಣು

ಪಕ್ಕದ ರಿಪೇರಿ ಅಂಗಡಿಯ ಹುಡುಗಿ ಒಳಗೆ ನುಗ್ಗಿದಾಗ ದರ್ಜಿ ಒಂದು ಕೋಟಿನ ತೋಳಿಗೆ ಕತ್ತರಿ ಇಡುವವನಿದ್ದ. ಅವಳ ಕಣ್ಣು ಕೆಂಪಾಗಿತ್ತು. ದೊಡ್ಡಮ್ಮ ಇದ್ದಾರಾ ಎಂದು ಕೇಳಿದಳು. ಬಂದವರು ಅಳತೆ ಕೊಡುವುದು ಬಿಟ್ಟು ದೊಡ್ಡಮ್ಮನನ್ನು ಕೇಳಿದರೆ ಆವತ್ತಿನ ಹೊಲಿಗೆ ಅಲ್ಲಿಗೆ ಮುಗಿಯಿತು ಎಂದೇ ಲೆಕ್ಕ. ದರ್ಜಿ ಕತ್ತರಿ ಕೆಳಗಿಟ್ಟು, ಒಳಕೋಣೆಯಲ್ಲಿದ್ದ ಅವರನ್ನು ಕೂಗಿದ.

ಕಟ್ಟಡದವರೆಲ್ಲ ದೊಡ್ಡಮ್ಮ ಎನ್ನುವುದು ಅವನ ಅತ್ತಿಗೆಗೆ, ತೀರಿಹೋದ ಅಣ್ಣನ ಹೆಂಡತಿಗೆ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನವರ ದನಿ ಕೇಳಿ ಕೇಳಿ, ಯಾರು ಸುಳ್ಳು ಹೇಳುತ್ತಿದ್ದಾರೆ, ಯಾರು ಹೆದರಿದ್ದಾರೆ ಎಂದು ಉಸಿರಿನಲ್ಲೇ ಹಿಡಿಯುವಷ್ಟು ಪಳಗಿದವರು. ನಿವೃತ್ತರಾದ ಮೇಲೆ ಈ ಬೀದಿಯಲ್ಲಿ ಕಳುವಾದದ್ದು, ಕಾಣೆಯಾದದ್ದು ಎಲ್ಲಾ ಅವರ ಬಾಗಿಲಿಗೇ ಬರುತ್ತಿತ್ತು. ದರ್ಜಿ ಕೊರಳಿಗೆ ಟೇಪು ನೇತುಹಾಕಿಕೊಂಡು ಅವರ ಹಿಂದೆ ಹೋಗುತ್ತಿದ್ದ. ಅರ್ಧ ಬುದ್ಧಿ ತನ್ನದೇ ಎಂದು ಅವನ ನಂಬಿಕೆ. ಅತ್ತಿಗೆ ಅದನ್ನು ಒಪ್ಪಿಯೂ ಇರಲಿಲ್ಲ, ಅಲ್ಲಗಳೆದೂ ಇರಲಿಲ್ಲ.

ಹುಡುಗಿ ಹೇಳಿದ ಕತೆ ಹೀಗಿತ್ತು. ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲುಗಳಲ್ಲಿ ಎರಡು ದೊಡ್ಡ ಕಂಪನಿಗಳದ್ದು ಹಾವು ಮುಂಗುಸಿಯ ಸಂಬಂಧ. ಅಂಗಡಿಯವರು ಒಂದನ್ನು ಕರಿ ಡಬ್ಬಿ, ಇನ್ನೊಂದನ್ನು ಬಿಳಿ ಡಬ್ಬಿ ಎನ್ನುತ್ತಾರೆ. ಆಸ್ಪತ್ರೆಯ ವ್ಯಾಯಾಮದ ಕೋಣೆಯಲ್ಲಿರುವುದು ಬಿಳಿ ಡಬ್ಬಿ. ಅದರ ಆಟದಲ್ಲಿ ಚೆಂಡುಗಳು ಮುಖದ ಮೇಲೇ ಹಾರಿ ಬರುತ್ತವೆ, ಎದುರಿಗೆ ನಿಂತವರು ಕೈ ಎತ್ತಿ ತಡೆಯಬೇಕು. ಆ ಕೈಯನ್ನು ನೋಡುವ ಕ್ಯಾಮೆರಾ ಕೆಟ್ಟುಹೋಯಿತು, ಕಂಪನಿ ಅದನ್ನು ಮಾಡುವುದನ್ನೇ ನಿಲ್ಲಿಸಿತ್ತು. ಕರಿ ಡಬ್ಬಿಯ ಕ್ಯಾಮೆರಾ ಅಂಗಡಿಯಲ್ಲಿತ್ತು, ಆದರೆ ಅದರ ಪ್ಲಗ್ಗಿನ ಆಕಾರವೇ ಬೇರೆ. ಹುಡುಗಿ ಎರಡು ತಿಂಗಳು ಕೂತು ಆ ಪ್ಲಗ್ ಕತ್ತರಿಸಿ, ಬಿಳಿ ಡಬ್ಬಿಗೆ ಹೊಂದುವ ಪ್ಲಗ್ ಬೆಸೆದು, ಕ್ಯಾಮೆರಾವನ್ನು ಎಬ್ಬಿಸಲು ಒಂದು ಸಣ್ಣ ಪ್ರೋಗ್ರಾಮ್ ಬರೆದಿದ್ದಳು. ಕರೆಂಟ್ ಹೋದಾಗಲೆಲ್ಲ ಅದು ತಾನ್ಯಾರೆಂಬುದನ್ನೇ ಮರೆಯುತ್ತಿತ್ತು. ಪ್ರತಿ ಸಲ ಹೊಸದಾಗಿ ಹೇಳಿಕೊಡಬೇಕಿತ್ತು.

ಇಷ್ಟೆಲ್ಲ ಅವಳು ಪಟ್ಟದ್ದು ಅಣ್ಣನಿಗಾಗಿ. ಬೀದಿಯವರೆಲ್ಲ ಅವನನ್ನು ಏಣಿಯಣ್ಣ ಎನ್ನುತ್ತಿದ್ದರು. ಅಂಗಡಿಗಳ ಬೋರ್ಡು ಬರೆಯುವವನು. ಎರಡನೇ ಮಹಡಿಯ ಎತ್ತರದಲ್ಲೂ ಏಣಿಯ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತು ಹಾಡು ಹೇಳುತ್ತಿದ್ದ. ಐದು ತಿಂಗಳ ಹಿಂದೆ ಏಣಿ ಜಾರಿತು, ಭುಜದ ನರಕ್ಕೆ ಪೆಟ್ಟಾಗಿ ಬಲಗೈ ಜೋತುಬಿತ್ತು. ಬಂದರೆ ಆರು ತಿಂಗಳೊಳಗೆ ಬರಬೇಕು, ಆಮೇಲೆ ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಹೇಳಿದ್ದರು. ಇವತ್ತು ಸಂಜೆ ಆಸ್ಪತ್ರೆಯ ಫಿಸಿಯೋ ಮೇಡಂ ಬಂದು, ಅವನನ್ನೇ ನಿಲ್ಲಿಸಿ ಆಟ ನೋಡಿ, ಕ್ಯಾಮೆರಾ ಒಯ್ಯಬೇಕಿತ್ತು.

ನಿನ್ನೆ ಸಂಜೆ ಚೆನ್ನಾಗಿ ಕೆಲಸ ಮಾಡಿದ ಕ್ಯಾಮೆರಾ ಇವತ್ತು ಎಷ್ಟು ಎಬ್ಬಿಸಿದರೂ ಏಳಲಿಲ್ಲ. ಪ್ಲಗ್ ಬಿಚ್ಚಿ ನೋಡಿದರೆ ಒಳಗೆ ಎರಡು ವೈರು ಬಿಟ್ಟಿದ್ದವು. ಅಂಗಡಿಯ ಯಜಮಾನ ಇದಕ್ಕೇ ಕಾದಿದ್ದವನ ಹಾಗೆ, ಬೆಸುಗೆ ಹಾಕಲು ಬಾರದವಳು ಕಂಪನಿ ಮಾಲಿಗೆ ಕತ್ತರಿ ಹಾಕಿದೆ, ಸಂಜೆಗೆ ಬೆಂಚು ಖಾಲಿ ಮಾಡು ಎಂದಿದ್ದ.

"ಕೆಲಸ ಹೋದ್ರೆ ಹೋಗ್ಲಿ ದೊಡ್ಡಮ್ಮ," ಎಂದಳು ಹುಡುಗಿ. "ನಾನೇ ಸರಿಯಾಗಿ ಬೆಸೀಲಿಲ್ವಾ, ಅದೊಂದು ಹೇಳಿ. ನನ್ನ ಕೈ ಮೇಲೆ ನಂಗೇ ನಂಬಿಕೆ ಹೋದ್ರೆ ಇನ್ನು ಏನ್ ಹಿಡ್ಕೊಂಡು ಬದುಕ್ಲಿ?"

ಅತ್ತಿಗೆ ಎದ್ದು ಚಪ್ಪಲಿ ಮೆಟ್ಟಿಕೊಂಡರು.

ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಬೆಂಚು, ಒಂದು ದೀಪ, ಬೆಸುಗೆಯ ಕಡ್ಡಿ, ಗೋಡೆಗೆ ಒಂದು ಟಿವಿ. ಅತ್ತಿಗೆ ದರ್ಜಿಯ ಭೂತಗನ್ನಡಿ ಇಸಿದುಕೊಂಡು ಪ್ಲಗ್ಗಿನೊಳಗೆ ಇಣುಕಿದರು. ವೈರಿನ ತುದಿ ಹರಿದಿರಲಿಲ್ಲ, ಗುಂಡಗೆ ಹೊಳೆಯುತ್ತಿತ್ತು. "ತಾನಾಗಿ ಬಿಟ್ಟಿದ್ದಲ್ಲ ಇದು. ಯಾರೋ ಕಾಯಿಸಿ, ಚಿಮಟದಲ್ಲಿ ಎಳೆದು ಬಿಡಿಸಿದ್ದಾರೆ. ನಿನ್ನ ಕೈ ಸರಿಯಾಗೇ ಇದೆ ಮಗಳೇ," ಎಂದರು. ಹುಡುಗಿ ಸ್ಟೂಲಿನ ಮೇಲೆ ಕುಸಿದು ಕೂತಳು. ಆದರೆ ಬಾಗಿಲಲ್ಲಿ ನಿಂತಿದ್ದ ಯಜಮಾನ ಸುಮ್ಮನಿರಲಿಲ್ಲ, ಕಾಯಿಸಿ ಬಿಡಿಸಲು ಬರುವುದು ಇಲ್ಲಿ ಅವಳೊಬ್ಬಳಿಗೇ, ಕೆಲಸ ಕೆಟ್ಟಿತೆಂದು ಅವಳೇ ಬಿಡಿಸಿರಬೇಕು ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಪೈಕಿ ಇವನು ಎಂದು ದರ್ಜಿಗೆ ಮೈಯೆಲ್ಲ ಉರಿಯಿತು.

ಅತ್ತಿಗೆಯ ಕಣ್ಣು ಕ್ಯಾಮೆರಾದ ಉದ್ದ ವೈರಿನ ಮೇಲಿತ್ತು. ಪ್ಲಗ್ಗಿನ ಕಡೆಯ ಒಂದು ಮೊಳ ಮಾತ್ರ ಬಿಚ್ಚಿತ್ತು. ಉಳಿದದ್ದನ್ನು ನಡುವೆ ಒಂದರ ಮೇಲೊಂದು ಅಡ್ಡ ಹಾಯಿಸಿ, ಚಿಟ್ಟೆಯ ಎರಡು ರೆಕ್ಕೆಯ ಹಾಗೆ ಸುತ್ತಿಡಲಾಗಿತ್ತು. ಹೀಗೆ ಸುತ್ತಿದವಳು ನೀನೇನಾ ಎಂದು ಕೇಳಿದ್ದಕ್ಕೆ ಹುಡುಗಿ ಇಲ್ಲವೆಂದಳು. ತಾನು ಬಳೆಯ ಹಾಗೆ ದುಂಡಗೆ ಸುತ್ತಿ ಕಾಗದದ ಪಟ್ಟಿ ಕಟ್ಟಿದ್ದೆ, ಬೆಳಗ್ಗೆ ಗಾಬರಿಯಲ್ಲಿ ಗಮನಿಸಲಿಲ್ಲ ಎಂದಳು. ಕಾಗದದ ಪಟ್ಟಿ ಬೆಂಚಿನ ಕೆಳಗೆ ಬಿದ್ದಿತ್ತು.

ನಿನ್ನೆ ಆರಕ್ಕೆ ಆಟ ನೋಡಿ, ಪ್ಲಗ್ಗಿನ ಸ್ಕ್ರೂ ಬಿಗಿದು, ಕ್ಯಾಮೆರಾ ನಿಲ್ಲಿಸುವ ಸ್ಟ್ಯಾಂಡ್ ತರಲು ಅವಳು ಮುಕ್ಕಾಲು ಗಂಟೆ ಹೊರಗೆ ಹೋಗಿದ್ದಳಂತೆ. ಅಷ್ಟು ಹೊತ್ತು ಇಲ್ಲಿ ಇದ್ದವರು ಮೂವರು. ಯಜಮಾನ ಮುಂದಿನ ಗಲ್ಲಾಪೆಟ್ಟಿಗೆಗೂ ಹಿಂದಿನ ಕೋಣೆಗೂ ಓಡಾಡುತ್ತಿದ್ದ. ಆಟ ನೋಡಲು ಬಂದ ಫಿಸಿಯೋ ಮೇಡಂ ಸ್ವಲ್ಪ ಹೊತ್ತು ಕೂತು ಹೋದರು. ಮೂರನೆಯವನು ಏಣಿಯಣ್ಣ, ದಿನಾ ಸಂಜೆಯಂತೆ, ಮೂಲೆಯ ಕುರ್ಚಿಯಲ್ಲಿದ್ದ. ಮೊದಲ ಇಬ್ಬರಿಗೇ ದರ್ಜಿ ಮನಸ್ಸಿನಲ್ಲಿ ಬೇಡಿ ತೊಡಿಸಿದ. ಜೋತುಬಿದ್ದ ಕೈಯವನನ್ನು ಯಾರು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾರೆ?

ಯಜಮಾನನದು ಕರಿ ಡಬ್ಬಿ ಕಂಪನಿಯ ಏಜೆನ್ಸಿ. ಅವರ ಡಬ್ಬಿಯ ಕಣ್ಣು ಕಿತ್ತು ಎದುರಾಳಿಯ ಡಬ್ಬಿಗೆ ಜೋಡಿಸಿದ್ದು ತಿಳಿದರೆ ಏಜೆನ್ಸಿ ಹೋಗುತ್ತದೆಂದು ತಿಂಗಳಿಂದ ಗೊಣಗುತ್ತಿದ್ದ. ಅತ್ತಿಗೆ ಅವನ ಡ್ರಾಯರ್ ತೆರೆಸಿದರು, ಒಳಗೆ ವೈರುಗಳೆಲ್ಲ ಕಗ್ಗಂಟಾಗಿ ಬಿದ್ದಿದ್ದವು. ಸುತ್ತಿಡುವ ಅಭ್ಯಾಸ ಇಲ್ವಾ ಎಂದಿದ್ದಕ್ಕೆ, ಅದಕ್ಕೆಲ್ಲ ಪುರುಸೊತ್ತು ಯಾರಿಗಿದೆ ಎಂದು ಸಿಡುಕಿದ. ದರ್ಜಿಯ ಅನುಮಾನ ಇನ್ನೂ ದಪ್ಪವಾಯಿತು.

ಅತ್ತಿಗೆ ಹೇಳಿಕಳಿಸಿ ಮಧ್ಯಾಹ್ನವೇ ಫಿಸಿಯೋ ಮೇಡಂ ಬಂದಾಗ ಆ ಅನುಮಾನ ಅವರತ್ತ ಹೊರಳಿತು. ಆಟ ಬಂದರೆ ತನ್ನ ಡ್ಯೂಟಿ ಕಡಿಮೆ ಮಾಡುತ್ತಾರೆಂಬ ಸುದ್ದಿ ಇದೆ ಎಂದು ಅವರೇ ಒಪ್ಪಿದರು. ಹಾಗಿದ್ದರೂ ಈ ಆಟ ಬೇಕೆನ್ನುತ್ತೀರಲ್ಲ, ಯಾಕೆ ಎಂದು ಅತ್ತಿಗೆ ಕೇಳಿದರು.

"ನಾನು ಕೈ ಎತ್ತಿ ಅಂದ್ರೆ ಯೋಚ್ನೆ ಮಾಡಿ ಎತ್ತುತಾರೆ, ಇಲ್ಲಾ ಎತ್ತಲ್ಲ," ಎಂದರು. "ಚೆಂಡು ಮುಖಕ್ಕೆ ಬಂದ್ರೆ ಯೋಚ್ನೆ ಮಾಡೋಕೆ ಟೈಮೇ ಇರಲ್ಲಮ್ಮ. ಶಕ್ತಿ ಇದ್ರೆ ಕೈ ತಾನೇ ಏಳುತ್ತೆ. ನಿನ್ನೆ ಇಲ್ಲಿದ್ದೋರಿಗೆಲ್ಲ ಅದನ್ನೇ ಹೇಳ್ದೆ." ಅತ್ತಿಗೆ ಅವರ ಚೀಲದಲ್ಲಿದ್ದ ಯಂತ್ರದ ವೈರುಗಳನ್ನು ನೋಡಿದರು. ಮೊಣಕೈಗೂ ಅಂಗೈಗೂ ಸುತ್ತಿದ ಉದ್ದನೆಯ ಲಡಿಗಳು, ಒಂದೊಂದಕ್ಕೂ ರಬ್ಬರ್ ಬ್ಯಾಂಡ್.

ಆಮೇಲೆ ಅಣ್ಣ ತಂಗಿಯರ ಮನೆಗೆ, ಮೊದಲ ಮಹಡಿಗೆ ಹತ್ತಿದರು. ಏಣಿಯಣ್ಣ ಎಡಗೈಯಲ್ಲಿ ನೀರು ತಂದುಕೊಟ್ಟ. ಹೆಚ್ಚು ಮಾತಾಡಲಿಲ್ಲ, ತಂಗಿಯ ಕೆಲಸ ನಿಜವಾಗಿ ಹೋಗುತ್ತಾ ಎಂದು ಎರಡು ಸಲ ಕೇಳಿದ. ಅವನ ಬಣ್ಣದ ಡಬ್ಬಿ, ಕುಂಚಗಳ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಪಕ್ಕದ ಮೊಳೆಗೆ, ಗೋಡೆಯ ಮೇಲೆ ನೇರ ಗೆರೆ ಹೊಡೆಯುವ ನೀಲಿ ಪುಡಿಯ ದಾರ ನೇತುಬಿದ್ದಿತ್ತು. ಚೊಕ್ಕವಾಗಿ ಸುತ್ತಿದ್ದಾನೆ ಎಂದು ದರ್ಜಿ ಮೆಚ್ಚಿಕೊಂಡ. ದಾರದ ಬೆಲೆ ದರ್ಜಿಗೆ ಗೊತ್ತು. ಅತ್ತಿಗೆ ಆ ದಾರವನ್ನು ನೋಡುತ್ತ ನೀರಿನ ಲೋಟ ಖಾಲಿ ಮಾಡಿದರು. ಮೆಟ್ಟಿಲಿಳಿಯುವಾಗ, ಕಳ್ಳಿ ಮೇಡಂ ತಾನೇ ಎಂದು ದರ್ಜಿ ಪಿಸುಗುಟ್ಟಿದ. ನೋಡಿದ್ದೆಲ್ಲ ನೋಡಿದ್ದೀಯ, ಜೋಡಿಸೋದೊಂದು ಬಾಕಿ ಎಂದಷ್ಟೇ ಅತ್ತಿಗೆ ಹೇಳಿದರು. ಅವನಿಗೆ ಸಿಟ್ಟೇ ಬಂತು.

ನಾಲ್ಕು ಗಂಟೆಗೆ ಎಲ್ಲರೂ ಹಿಂದಿನ ಕೋಣೆಯಲ್ಲಿ ಸೇರಿದರು. ಹುಡುಗಿ ವೈರು ಬೆಸೆದು, ಕ್ಯಾಮೆರಾ ಎಬ್ಬಿಸಿ, ಟಿವಿಯಲ್ಲಿ ಆಟ ತೆರೆದಿಟ್ಟಿದ್ದಳು. ಒಬ್ಬರ ಮುಖ ಇನ್ನೊಬ್ಬರು ನೋಡುತ್ತಿರಲಿಲ್ಲ. ಇದನ್ನು ಮಾಡಿದವರು ಈ ಕೋಣೆಯಲ್ಲೇ ಇದ್ದಾರೆ ಎಂದು ಅತ್ತಿಗೆ ಶುರುಮಾಡಿದ್ದೇ ತಡ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಯಜಮಾನ, ನಾನಲ್ಲಪ್ಪ ಎಂದುಬಿಟ್ಟ.

"ನೀವಲ್ಲ," ಎಂದರು ಅತ್ತಿಗೆ. "ಕ್ಯಾಮೆರಾ ನಿಮ್ಮ ಅಂಗಡೀದು. ಬೇಡ ಅನ್ನಿಸಿದ್ರೆ ಕೊಡಲ್ಲ ಅಂತ ಬಾಯಲ್ಲಿ ಹೇಳಿದ್ರೆ ಸಾಕಿತ್ತು, ಕದ್ದು ಕೆಡಿಸೋ ಗತಿ ನಿಮಗೇನು? ಹುಡುಗಿಯೂ ಅಲ್ಲ. ತನ್ನ ಕೆಲಸ ಕೆಟ್ಟಿದ್ರೆ ಅವಳು ಬೆಸೀತಿದ್ಲು, ಬಿಡಿಸ್ತಿರಲಿಲ್ಲ."

ನಿಧಾನವಾಗಿ, ಒಂದೊಂದೇ ಎಳೆ ಬಿಡಿಸುತ್ತ ಹೋದರು. ದ್ವೇಷ ಇದ್ದವರು ಕ್ಯಾಮೆರಾವನ್ನು ನೆಲಕ್ಕೆ ಬಡಿಯುತ್ತಿದ್ದರು. ಇವರು ಎರಡೇ ವೈರು ಬಿಡಿಸಿ, ಎಳ್ಳಿನಷ್ಟು ಸಣ್ಣ ಸ್ಕ್ರೂಗಳನ್ನು ಮತ್ತೆ ಜೋಪಾನವಾಗಿ ಬಿಗಿದಿದ್ದಾರೆ. ಅಂದರೆ ಕ್ಯಾಮೆರಾ ಹಾಳಾಗಬಾರದು, ಇವತ್ತೊಂದು ದಿನ ಓಡಬಾರದು, ಅಷ್ಟೇ. ಕ್ಯಾಮೆರಾ ಜೋಡಿಸಿದವಳ ಮೇಲೆ ಪ್ರೀತಿ ಇದ್ದವರ ಕೆಲಸ ಇದು. ಬೆಸೆಯುವುದನ್ನು ದಿನಾ ಪಕ್ಕದಲ್ಲಿ ಕೂತು ನೋಡಿದವರ ಕೆಲಸ. ಕೊನೆಗೆ ವೈರು ಸುತ್ತಿಡುವಾಗ ಮನಸ್ಸು ಬೇರೆಲ್ಲೋ ಇತ್ತು, ಕೈ ತನ್ನ ಅಭ್ಯಾಸದಂತೆ ಸುತ್ತಿಬಿಟ್ಟಿತು. ಯಜಮಾನರು ಸುತ್ತುವುದೇ ಇಲ್ಲ. ಮೇಡಂ ಮೊಣಕೈಗೆ ಸುತ್ತುತ್ತಾರೆ. ಹುಡುಗಿ ಬಳೆಯ ಹಾಗೆ.

"ಹೆಬ್ಬೆರಳಿಗೂ ಕಿರುಬೆರಳಿಗೂ ಚಿಟ್ಟೆ ಹಾಗೆ ಸುತ್ತೋದು, ಏಣಿ ಮೇಲೆ ಬಿಚ್ಚುವಾಗ ದಾರ ಸಿಕ್ಕಾಗಬಾರದು ಅಂತ," ಎಂದರು ಅತ್ತಿಗೆ. "ಹಾಗೆ ಸುತ್ತಿದ ದಾರ ಒಂದು ಮೇಲ್ಗಡೆ ಮೊಳೇಲಿದೆ. ಪಕ್ಕದ ಕುಂಚದ ಮೇಲೆ ಐದು ತಿಂಗಳ ಧೂಳಿದೆ. ಅದರ ಮೇಲೆ ಇಲ್ಲ."

ಹುಡುಗಿ ಎದ್ದು ನಿಂತಳು. "ಅನ್ಯಾಯ ಮಾತಾಡ್ಬೇಡಿ ದೊಡ್ಡಮ್ಮ. ಹಾಗೆ ಸುತ್ತೋಕೆ ಒಂದು ಕೈ ಹಿಡೀಬೇಕು, ಒಂದು ಕೈ ಸುತ್ತಬೇಕು. ನಮ್ಮಣ್ಣಂಗೆ ಎರಡು ಕೈ ಎಲ್ಲಿವೆ?"

ಅತ್ತಿಗೆ ಏಣಿಯಣ್ಣನ ಬಲಗೈಯನ್ನೇ ನೋಡಿದರು. ಆಡಿದ ಮಾತು ಹುಡುಗಿಯ ಕಿವಿಗೇ ತಡವಾಗಿ ಬಿತ್ತು. ಅವಳು ಮೆಲ್ಲಗೆ ಅಣ್ಣನತ್ತ ತಿರುಗಿದಳು.

"ಆಟದ ಮುಂದೆ ನಿಲ್ಲಿಸಿದ್ರೆ ಚೆಂಡು ಬಂದಾಗ ನಿನ್ನ ಕೈ ನಿನ್ನ ಮಾತು ಕೇಳಲ್ಲ, ಅದು ನಿಂಗೆ ನಿನ್ನೆ ಗೊತ್ತಾಯ್ತು," ಎಂದು ಅತ್ತಿಗೆ ಅವನಿಗೆ ಹೇಳಿದರು. "ಟಿವಿ ಮುಂದೆ ನಿಂತು ಸಿಕ್ಕಿಬೀಳೋದು ಬೇಡಪ್ಪ. ನೀನೇ ಹೇಳಿಬಿಡು."

ಏಣಿಯಣ್ಣ ಬಲಗೈ ಎತ್ತಿ ಮುಖ ಮುಚ್ಚಿಕೊಂಡ. ಬೇರೆ ಸಾಕ್ಷಿ ಬೇಕಿರಲಿಲ್ಲ.

"ಕೈಗೆ ಶಕ್ತಿ ಬಂದು ಒಂದು ತಿಂಗಳಾಯ್ತು ಪುಟ್ಟಿ," ಎಂದ ಬೆರಳುಗಳ ಸಂದಿಯಿಂದ. "ಏಣಿ ನೋಡಿದ್ರೆ ಕಾಲು ನಡುಗುತ್ತೆ. ಮೂರನೇ ಮೆಟ್ಟಿಲು ಹತ್ತಕ್ಕಾಗಲ್ಲ, ಕದ್ದು ಹೋಗಿ ನೋಡ್ದೆ. ಕೈ ಇಲ್ಲ ಅಂದ್ರೆ ಜನ ಅಯ್ಯೋ ಪಾಪ ಅಂತಾರೆ. ಏಣಿಯಣ್ಣಂಗೆ ಏಣಿ ಭಯ ಅಂದ್ರೆ ನಗ್ತಾರೆ. ನಿನ್ನ ಮೇಲೆ ಬರುತ್ತೆ ಅಂತ ನಂಗೆ ಹೊಳೀಲೇ ಇಲ್ಲ. ಬೆಳಗ್ಗೆಯಿಂದ ಹೇಳ್ಬೇಕು ಅಂತ ಬಾಯಿ ತೆಗೀತಾ ಇದ್ದೆ."

ಹುಡುಗಿ ಅವನ ಬಲಗೈಯನ್ನು ಮುಖದಿಂದ ಎಳೆದು ತನ್ನ ಎರಡು ಕೈಯಲ್ಲಿ ಹಿಡಿದಳು. ಮಡಚು ಎಂದಳು. ಅವನು ಬೆರಳು ಮಡಚಿದ. ಬಿಡಿಸು ಎಂದಳು, ಬಿಡಿಸಿದ. ಐದೂ ಬೆರಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ ಆ ಅಂಗೈಗೆ ಪಟ್ಟೆಂದು ಹೊಡೆದಳು.

"ಒಂದು ತಿಂಗಳು ನಿನ್ನ ಅಂಗಿ ಗುಂಡಿ ನಾನು ಹಾಕಿದೀನಿ," ಎಂದು ಗೊಳೋ ಎಂದು ಅತ್ತಳು. ಅಷ್ಟು ಸಂತೋಷದ ಅಳುವನ್ನು ದರ್ಜಿ ಕಂಡಿರಲಿಲ್ಲ. ಅವನಿಗೂ ಮೂಗು ಒದ್ದೆಯಾಯಿತು, ಟೇಪಿನ ತುದಿಯಲ್ಲಿ ಒರೆಸಿಕೊಂಡ.

ಯಜಮಾನ ಕೆಮ್ಮಿ, ಬೆಂಚು ಯಾರೂ ಖಾಲಿ ಮಾಡಬೇಕಾಗಿಲ್ಲ ಎಂದು ಗೋಡೆಗೆ ಹೇಳಿದ. ಗೋಡೆಗೆ ಯಾಕೆ, ಅವಳಿಗೆ ಹೇಳಿ ಎಂದು ಅತ್ತಿಗೆ ಗದರಿದರು. ಅವನು ತಿರುಗಿ ಹುಡುಗಿಗೆ ಹೇಳಿದ, ತಪ್ಪಾಯಿತು ಎಂದೂ ಸೇರಿಸಿದ. ಮೇಡಂ ಕ್ಯಾಮೆರಾವನ್ನು ಮಗುವಿನ ಹಾಗೆ ಎತ್ತಿಕೊಂಡರು, ಆಸ್ಪತ್ರೆಯಲ್ಲಿ ಅದಕ್ಕಾಗಿ ಇನ್ನೂ ಹನ್ನೊಂದು ಜನ ಕಾದಿದ್ದರು.

ಏಣಿಯಣ್ಣ ಮಾತ್ರ ತಲೆ ಎತ್ತಲಿಲ್ಲ. ಇನ್ನು ನನ್ನ ಕೆಲಸ ಏನು ಎಂದು ಕೇಳಿದ. ಆಗ ದರ್ಜಿಗೆ, ಇಡೀ ದಿನ ಒಂದೂ ಹೊಳೆಯದವನಿಗೆ, ಒಂದು ಹೊಳೆಯಿತು. ಬೋರ್ಡನ್ನು ಮೇಲೆಯೇ ಬರೆಯಬೇಕೆಂದು ಯಾರು ಹೇಳಿದ್ದಾರೆ? ತನ್ನ ಅಂಗಡಿಯ ಬೋರ್ಡಿನಲ್ಲಿ ಅಕ್ಷರ ಮಾಸಿ ಮೂರು ವರ್ಷವಾಯಿತು. ಅದನ್ನು ಬಿಚ್ಚಿ ಕೆಳಗಿಳಿಸಿದರೆ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗಿಸಿ ಕೂತುಕೊಂಡೇ ಬರೆಯಬಹುದಲ್ಲ.

ಮಾತೇನೋ ಆಡಿಯಾಯಿತು. ಬಿಚ್ಚಲು ಏಣಿ ಹತ್ತಬೇಕಾದವನು ತಾನೇ ಎಂಬುದು ಏಣಿ ತಂದಿಟ್ಟ ಮೇಲೆ ಅವನಿಗೆ ಗೊತ್ತಾಯಿತು. ಜನ್ಮದಲ್ಲಿ ಸ್ಟೂಲಿಗಿಂತ ಮೇಲೆ ಹತ್ತಿದವನಲ್ಲ. ನಾಲ್ಕನೇ ಮೆಟ್ಟಿಲಿಗೇ ಕಾಲು ತಕಪಕ ಎಂದವು, ಬೀದಿಯವರೆಲ್ಲ ನೋಡುತ್ತ ನಿಂತರು. ಯಾರೂ ನಗಲಿಲ್ಲ ಎಂದರೆ ಸುಳ್ಳಾದೀತು, ಅತ್ತಿಗೆಯೇ ಮೊದಲು ನಕ್ಕರು.

"ಹೆದರ್ಬೇಡಿ, ಕೆಳಗೆ ನೋಡ್ಬೇಡಿ," ಎಂದು ಕೆಳಗಿನಿಂದ ದನಿ ಬಂತು.

ದರ್ಜಿ ಕೆಳಗೆ ನೋಡಿದ. ಏಣಿಯಣ್ಣ ಏಣಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ನಿಂತಿದ್ದ.