ಗ್ಲೆನ್ನಾಳ ಕೈಗೆ ಒಗ್ಗುವ ಪಿಸ್ತೂಲು

ಮೊದಲನೆಯ ಗುರುವಾರ ಹರ್ಶೆಲ್ ಮಾಡಿದ ತಪ್ಪು, ಕೆಂಟಕಿಯ ಆ ಕಣಿವೆಯಲ್ಲಿ ಬಂದೂಕಿನಂಗಡಿ ಇಟ್ಟ ಯಾವ ಗಂಡಸಾದರೂ ಮಾಡುವ ತಪ್ಪೇ. ಬಂದವಳು ಹೆಂಗಸು, ವಯಸ್ಸಾಗಿದೆ, ಬೆರಳ ಗಂಟುಗಳು ಊದಿಕೊಂಡಿವೆ. ಅಂಗಡಿಯಲ್ಲಿದ್ದ ಅತಿ ಚಿಕ್ಕ, ಅತಿ ಹಗುರ ರಿವಾಲ್ವರನ್ನು ತೆಗೆದು ಅವಳ ಮುಂದಿಟ್ಟ. ಅದರ ಹಿಡಿ ಗುಲಾಬಿ ಬಣ್ಣದ್ದು.

ಗ್ಲೆನ್ನಾ ಅದನ್ನು ಮುಟ್ಟಲಿಲ್ಲ. ಕನ್ನಡಕದ ಮೇಲಿಂದ ಮೊದಲು ರಿವಾಲ್ವರನ್ನು, ಆಮೇಲೆ ಅವನನ್ನು ನೋಡಿದಳು.

"ಇದ್ಯಾಕೋ ಈ ಬಣ್ಣ? ಮನೆಗೆ ನುಗ್ಗಿದವನಿಗೆ ಹುಟ್ಟುಹಬ್ಬದ ಉಡುಗೊರೆ ಕೊಡ್ಬೇಕಾ ನಾನು?"

ಅದೇ ಕಣ್ಣು. ಶಾಲೆಯ ಬಸ್ಸಿನಲ್ಲಿ ಮುಂದಿನ ಸೀಟಿನಿಂದ ತಿರುಗಿ, ಅವನ ಹರಕು ಚೀಲವನ್ನು ಆಡಿಕೊಳ್ಳುತ್ತಿದ್ದ ಹುಡುಗಿಯ ಕಣ್ಣು. ಎಡಗಣ್ಣು ಬಲಗಣ್ಣಿಗಿಂತ ಒಂದು ಕ್ಷಣ ಮೊದಲೇ ನಗಲು ಶುರುಮಾಡುತ್ತಿತ್ತು. ಅವಳು ಬೇರೆಯವನನ್ನು ಮದುವೆಯಾದಳು, ಇವನೂ ಬೇರೆಯವಳನ್ನು. ಇಬ್ಬರ ಸಂಗಾತಿಗಳೂ ತೀರಿಕೊಂಡಿದ್ದರು. ಇಷ್ಟೆಲ್ಲ ಆದಮೇಲೂ ಆ ಎಡಗಣ್ಣು ಹಾಗೆಯೇ ಉಳಿದುಕೊಂಡಿದ್ದು ಅರವತ್ತೇಳರ ಹರ್ಶೆಲ್‌ನಿಗೆ ಅನ್ಯಾಯವೆನ್ನಿಸಿತು.

ಅವನ ಒತ್ತಾಯಕ್ಕೆ ಕೈಗೆತ್ತಿಕೊಂಡು ಕುದುರೆ, ಅಂದರೆ ಟ್ರಿಗರ್, ಎಳೆದಳು. ಅರ್ಧಕ್ಕೆ ಬೆರಳು ನಿಂತುಹೋಯಿತು. ಮುಖ ಬಿಳಿಚಿಕೊಂಡಿತು, ತುಟಿ ಮಾತ್ರ ಬಿಗಿಯಾಗಿಯೇ ಇತ್ತು. ಹಗುರ ರಿವಾಲ್ವರಿನ ಕುದುರೆ ಕಲ್ಲಿನ ಹಾಗೆ ಗಟ್ಟಿ. ಹಾರಿಸಿದರೆ ಅದರ ಒದೆತವೆಲ್ಲ ಹಿಡಿದ ಕೈಗೇ ಬರುತ್ತದೆ. ಕೀಲುನೋವಿನವರಿಗೆ ತೂಕವಿರುವ ಪಿಸ್ತೂಲೇ ದಯೆಯುಳ್ಳದ್ದು. ಮೂವತ್ತು ವರ್ಷದಿಂದ ಇದನ್ನು ಗಿರಾಕಿಗಳಿಗೆ ಹೇಳುತ್ತ ಬಂದವನು ಅವಳೆದುರು ಮರೆತೇಬಿಟ್ಟಿದ್ದ.

ಅವಳಿಗೆ ಪಿಸ್ತೂಲು ಯಾಕೆ ಬೇಕೆಂದು ಅವನು ಕೇಳಲಿಲ್ಲ. ಕಣಿವೆಗೆಲ್ಲ ಗೊತ್ತಿದ್ದ ಸಂಗತಿ ಅದು. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಹಿಟ್ಟು ನಾದಿ, ಹಂಡೆ ಎತ್ತಿ ಗ್ಲೆನ್ನಾಳ ಕೈಗಳು ಹೋಗಿದ್ದವು. ಡಾಕ್ಟರು ಬರೆದುಕೊಟ್ಟ ನೋವಿನ ಮಾತ್ರೆಗಳು ಅವಳಿಗಿಂತ ಮೊದಲು ಅವಳ ಮಗ ಡಸ್ಟಿನ್‌ನನ್ನು ಚಟವಾಗಿ ಹಿಡಿದುಕೊಂಡವು. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ, ಮಾತ್ರೆ ಎಲ್ಲಿ ಬಚ್ಚಿಟ್ಟಿದ್ದೀ ಹೇಳು ಎಂದು ಅವಳ ಬಲಗೈಯನ್ನು ಮೇಜಿನ ಅಂಚಿಗೆ ಒತ್ತಿ ಮಣಿಕಟ್ಟು ಮುರಿದಿದ್ದ. ನ್ಯಾಯಾಲಯದಲ್ಲಿ ಅವಳು ನಿಜ ಹೇಳಿದಳು. ಜೈಲಿಗೆ ಕರೆದುಕೊಂಡು ಹೋಗುವಾಗ ಅವನು ತಿರುಗಿ, ಬಂದಮೇಲೆ ಮಾತಾಡೋಣಮ್ಮ, ಎಂದಿದ್ದ. ಈಗ ಅವನು ಬರುವ ದಿನ ಹತ್ತಿರವಾಗುತ್ತಿತ್ತು. ಅವಳ ಮನೆ ಬೆಟ್ಟದ ಸಂದಿಯ ಕೊನೆಯದು. ಪೊಲೀಸರಿಗೆ ಫೋನು ಮಾಡಿದರೆ ಬರಲು ಮುಕ್ಕಾಲು ಗಂಟೆ. ಮಣಿಕಟ್ಟು ಮುರಿದ ದಿನದಿಂದ ಅವಳು ಮನೆಯಲ್ಲಿ ಒಂದು ಮಾತ್ರೆಯನ್ನೂ ಇಟ್ಟಿರಲಿಲ್ಲ. ನೋವನ್ನು ಹಾಗೆಯೇ ಹೊರುತ್ತಿದ್ದಳು.

ಮುಂದಿನ ಗುರುವಾರ ಬಾ, ಬೇರೆ ತೋರಿಸ್ತೀನಿ, ಎಂದ ಹರ್ಶೆಲ್.

ಅವಳು ಬಂದಳು. ಕರಿದ ಸೇಬಿನ ಕಡುಬು ಎರಡು ತಂದಿದ್ದಳು. ಅಂಚನ್ನು ಬೆರಳಿನಿಂದ ಮಡಿಸಲಾಗದೆ ಫೋರ್ಕಿನಿಂದ ಒತ್ತಿದ್ದು ಕಾಣುತ್ತಿತ್ತು. ಅಂದು ದೊಡ್ಡ ಪಿಸ್ತೂಲುಗಳ ಸರದಿ. ಪಿಸ್ತೂಲಿನ ಮೇಲ್ಭಾಗದಲ್ಲಿ ಜಾರುವ ಸ್ಲೈಡನ್ನು ಹಿಂದಕ್ಕೆಳೆದರೆ ತಾನೇ ಗುಂಡು ಒಳಗೆ ಕೂರುವುದು. ಅವಳ ಹೆಬ್ಬೆರಳ ಬುಡ ಆ ಬಿಗಿ ಸ್ಪ್ರಿಂಗನ್ನು ಒಂದಂಗುಲವೂ ಎಳೆಯಲಿಲ್ಲ. ಸ್ಲೈಡನ್ನು ಹಿಂದಕ್ಕೆ ಎಳೆಯಬೇಡ, ಅದನ್ನು ಎದೆಯ ಹತ್ತಿರ ಗಟ್ಟಿಯಾಗಿ ಹಿಡಿದು ಪಿಸ್ತೂಲನ್ನೇ ಮುಂದಕ್ಕೆ ತಳ್ಳು, ಎಂದು ಅವನು ತೋರಿಸಿಕೊಟ್ಟ. ಹಿಂದೆ ನಿಂತು, ಅವಳ ಮುಂಗೈ ಮೇಲೆ ತನ್ನ ಕೈ ಇಟ್ಟು, ಮುಟ್ಟಿಯೂ ಮುಟ್ಟದ ಹಾಗೆ. ಅವಳ ಕೂದಲಿಂದ ಸಾಬೂನು, ದಾಲ್ಚಿನ್ನಿಯ ವಾಸನೆ. ಪಿಸ್ತೂಲು ಒಗ್ಗಲಿಲ್ಲ. ಇಬ್ಬರೂ ಕಾಫಿ ಕುಡಿದರು, ಕಡುಬು ತಿಂದರು. ಹೋಗುವಾಗ ಅವಳು ಬಾಗಿಲಲ್ಲಿ ತಿರುಗಿ, ಮುಂದಿನ ವಾರ ಹಳದಿ ಬಣ್ಣದ್ದು ತರಿಸಿಡು, ಎಂದು ಹಂಗಿಸಿದಳು. ಎಡಗಣ್ಣು ಮೊದಲು ನಕ್ಕಿತು.

ಅದರ ಮರುದಿನವೇ ಆ ಪಿಸ್ತೂಲು ಬಂತು.

ತೀರಿಹೋದ ಹಲ್ಲಿನ ಡಾಕ್ಟರೊಬ್ಬರ ಮನೆಯವರು ಮಾರಿದ ಐದಾರು ಆಯುಧಗಳಲ್ಲಿ ಅದೊಂದು. ಬೂದು ಬಣ್ಣ, ನೋಡಲು ಏನೂ ಚೆಂದವಿಲ್ಲ. ಹಿಡಿ ತುಂಬಿಕೊಂಡಿತ್ತು, ತೂಕವಿತ್ತು, ಗುಂಡು ಸಣ್ಣದಾದ್ದರಿಂದ ಸ್ಪ್ರಿಂಗು ಮೆತ್ತಗಿತ್ತು. ಹರ್ಶೆಲ್ ತನ್ನ ಕಿರುಬೆರಳು ಮತ್ತು ಹೆಬ್ಬೆರಳಿನಿಂದ ಸ್ಲೈಡ್ ಎಳೆದು ನೋಡಿದ. ಬೆಣ್ಣೆಯ ಹಾಗೆ ಬಂತು. ಇದು ಅವಳದ್ದೇ ಎಂದು ಆ ಕ್ಷಣ ತಿಳಿಯಿತು. ಪಿಸ್ತೂಲನ್ನು ಬಟ್ಟೆಯಲ್ಲಿ ಸುತ್ತಿ, ಹಿಂದಿನ ಕೋಣೆಯ ಕಪಾಟಿನಲ್ಲಿಟ್ಟು, ಬೀಗ ಹಾಕಿದ.

ಗುರುವಾರ ಹೇಳೋಣ ಎಂದುಕೊಂಡ. ಗುರುವಾರ ಬಂತು. ಅವಳಿಗೆ ಕೋಟಿನ ಗುಂಡಿ ಹಾಕಿಕೊಳ್ಳಲಾಗುತ್ತಿರಲಿಲ್ಲ. ಏನೂ ಕೇಳದೆ ಅವನೇ ಮೂರು ಗುಂಡಿ ಹಾಕಿದ, ಅವಳೂ ಸುಮ್ಮನೆ ಕತ್ತೆತ್ತಿ ನಿಂತಳು. ಆ ದಿನ ಹೇಳಲಿಲ್ಲ. ನಾಲ್ಕನೆಯ ವಾರ ಅವಳು, ಶಾಲೆಯಲ್ಲಿ ಓದುವಾಗ ನಿನ್ನ ತಟ್ಟೆಗೆ ಯಾರೂ ಬಡಿಸದಷ್ಟು ಸಾರು ಬಡಿಸಬೇಕೆಂದುಕೊಳ್ಳುತ್ತಿದ್ದೆ, ಆದರೆ ಆಗ ನಾನು ಅಡುಗೆಯವಳಾಗಿರಲಿಲ್ಲ, ಎಂದು ನಗಿಸಿದಳು. ಆಗಲೂ ಹೇಳಲಿಲ್ಲ. ಐದನೆಯ ವಾರ ಒಗ್ಗದೆಂದು ಗೊತ್ತಿದ್ದ ಪಿಸ್ತೂಲೊಂದನ್ನು ಅವಳ ಕೈಗಿಟ್ಟ. ಅವಳು ನೋವಿಗೆ ಕಣ್ಣು ಮುಚ್ಚಿದ್ದನ್ನು ನಿಂತು ನೋಡಿದ. ಆ ದಿನ ಅವನು ಕಡುಬು ಮುಟ್ಟಲಿಲ್ಲ.

ಇದು ಸ್ವಾರ್ಥ ಎನ್ನುವುದು ಅವನಿಗೆ ಗೊತ್ತಿತ್ತು. ಅದರ ಕೆಳಗೆ ಇನ್ನೊಂದಿತ್ತು, ಅದನ್ನು ತನಗೆ ತಾನೇ ಹೇಳಿಕೊಳ್ಳಲೂ ಹೆದರುತ್ತಿದ್ದ. ಪಿಸ್ತೂಲು ಕೊಡದಿದ್ದರೆ ಆ ಮಗ ಅವಳನ್ನು ಏನು ಮಾಡುತ್ತಾನೋ. ಕೊಟ್ಟರೆ ಅವಳು ಆ ಮಗನನ್ನು ಏನು ಮಾಡಬೇಕಾಗುತ್ತದೋ. ಹೆತ್ತ ಮಗನ ಮೇಲೆ ಗುಂಡು ಹಾರಿಸಿದ ಮೇಲೆ ಉಳಿಯುವ ಹೆಂಗಸು ಗ್ಲೆನ್ನಾ ಆಗಿರುವುದಿಲ್ಲ.

ಆರನೆಯ ಗುರುವಾರ ಅವಳು ಬರಿಗೈಯಲ್ಲಿ ಬಂದಳು.

ಡಸ್ಟಿನ್‌ನ ಕಾಗದ ಬಂದಿದೆಯೆಂದಳು. ಸೋಮವಾರ ಹತ್ತು ಗಂಟೆಯ ಬಸ್ಸಿಗೆ ಇಳಿಯುತ್ತಾನಂತೆ. ಮನೆಗೆ ಬರ್ತೀನಿ ಅಂತ ಬರೆದಿದಾನೆ, ಅಷ್ಟೇ, ಬೇರೆ ಒಂದಕ್ಷರವಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡಳು. ಒರೆಸುವ ಬಟ್ಟೆ ಬೆರಳಿಂದ ಜಾರಿ ಬಿತ್ತು. ಎತ್ತಿಕೊಳ್ಳಲಿಲ್ಲ.

"ಇವತ್ತು ಏನಾದ್ರೂ ಒಂದು ಕೊಟ್ಟು ಕಳಿಸು ಹರ್ಶೆಲ್. ಆ ಗುಲಾಬಿದೇ ಆದ್ರೂ ಸರಿ. ಬೆರಳು ಮುರಿದ್ರೂ ಎಳೀತೀನಿ."

ಅವನು ಒಳಗೆ ಹೋಗಿ ಕಪಾಟಿನ ಬೀಗ ತೆಗೆದ.

ಖಾಲಿ ಪಿಸ್ತೂಲನ್ನು ಅವಳ ಅಂಗೈಗಿಟ್ಟಾಗ ಅವಳು ಹಲ್ಲು ಕಚ್ಚಿಕೊಂಡು ಸಿದ್ಧಳಾದಳು. ಸ್ಲೈಡ್ ಸರಕ್ಕನೆ ಬಂತು. ಅವಳು ಅದನ್ನೇ ನೋಡಿದಳು. ಇನ್ನೊಮ್ಮೆ ಎಳೆದಳು. ಮತ್ತೊಮ್ಮೆ.

ಅಂಗಡಿಯ ಹಿಂದೆ ಮಣ್ಣಿನ ದಿಬ್ಬಕ್ಕೆ ಕಾಗದದ ಊಟದ ತಟ್ಟೆ ಸಿಕ್ಕಿಸಿ ಗುರಿ ಇಟ್ಟುಕೊಳ್ಳುವುದು ಅಲ್ಲಿನ ವಾಡಿಕೆ. ಏಳು ಹೆಜ್ಜೆ ದೂರದಿಂದ ಗ್ಲೆನ್ನಾ ಆರು ಗುಂಡು ಹಾರಿಸಿದಳು. ಐದು ತಟ್ಟೆಗೆ ಬಿದ್ದವು. ಕಿವಿಯ ಮುಚ್ಚಳ ತೆಗೆದು, ಹೊಗೆ ಕರಗುವ ತನಕ ಅವಳು ಹಾಗೆಯೇ ನಿಂತಳು. ಆಮೇಲೆ ತಿರುಗದೆಯೇ, ಇದು ಯಾವಾಗ ಬಂತು ಎಂದು ಕೇಳಿದಳು.

ನಿನ್ನೆ ಎನ್ನಬಹುದಿತ್ತು. ಬಾಯಿಗೆ ಬಂದಿತ್ತು ಕೂಡ.

"ನೀನು ಎರಡನೇ ಸಲ ಬಂದು ಹೋದೆಯಲ್ಲ, ಅದರ ಮಾರನೇ ದಿನ."

ದಿಬ್ಬದ ಮೇಲಿಂದ ಸ್ವಲ್ಪ ಮಣ್ಣು ಉದುರಿತು.

"ನಾಲ್ಕು ವಾರ ಕಲಿಬಹುದಿತ್ತು ನಾನು. ಈಗ ನಾಲ್ಕು ದಿನ ಇದೆ."

"ಹೂಂ."

"ಯಾಕೋ?"

ಹರ್ಶೆಲ್ ಕೈಯಲ್ಲಿದ್ದ ಖಾಲಿ ತೋಟೆಗಳನ್ನು ನೋಡಿದ. ಇಂಥ ಮಾತನ್ನು ಅವನು ತೀರಿಹೋದ ಹೆಂಡತಿಗೂ ನೆಟ್ಟಗೆ ಹೇಳಿದವನಲ್ಲ.

"ಸಿಕ್ಕಿಬಿಟ್ರೆ ಗುರುವಾರ ನೀನು ಬರೋದಿಲ್ವಲ್ಲ. ವಾರದಲ್ಲಿ ನಾನು ಬದುಕಿರೋದು ಆ ಒಂದು ದಿನ, ಗ್ಲೆನ್ನಾ."

ಅವಳು ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಪಿಸ್ತೂಲು ಕೊಳ್ಳುವ ಸರ್ಕಾರಿ ಅರ್ಜಿಯನ್ನು ಕೇಳಿದಳು. ನೆಟ್ಟಗೆ ಕೂತು, ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ಒಂದೊಂದೇ ಅಕ್ಷರವನ್ನು ಕೆತ್ತಿದಳು. ಅವನು ಫೋನಿನಲ್ಲಿ ಅವಳ ಹೆಸರನ್ನು ತಪಾಸಣೆಗೆ ಕೊಟ್ಟು ಒಪ್ಪಿಗೆ ಬರುವ ತನಕ ಗೋಡೆ ನೋಡುತ್ತ ಕೂತಿದ್ದಳು. ಕೈಚೀಲದಲ್ಲಿಡಬೇಡ, ಅದರ ಜಿಪ್ಪು ನಿನ್ನ ಬೆರಳಿಗೆ ಬರೋದಿಲ್ಲ, ಅಂಗಿಯೊಳಗೆ ಸೊಂಟಕ್ಕೆ ಒರೆ ಕಟ್ಟಿಕೋ, ಎಂದು ಅವನು ಗಿರಾಕಿಗೆ ಹೇಳುವಂತೆ ಹೇಳಿದ. ಅವಳು ಗಿರಾಕಿಯಂತೆ ತಲೆಯಾಡಿಸಿದಳು. ಕೋಟಿನ ಗುಂಡಿ ಹಾಕಿಕೊಳ್ಳದೆಯೇ ಹೊರಗೆ ಹೋದಳು.

ಹರ್ಶೆಲ್ ಕಿಟಕಿಯ ಹತ್ತಿರ ನಿಂತ. ಅವಳ ಹಳೆಯ ಪಿಕಪ್ ಟ್ರಕ್ಕಿನ ಬಾಗಿಲು ಮುಚ್ಚಿದ ಸದ್ದಾಯಿತು. ಎಂಜಿನ್ನಿನ ಸದ್ದು ಬರಲಿಲ್ಲ. ಐದು ನಿಮಿಷವಾಯಿತು. ಹತ್ತಾಯಿತು. ಹೋಗಲೋ ಬೇಡವೋ ಎಂದು ಯೋಚಿಸುವ ಹಕ್ಕೂ ತನಗೆ ಉಳಿದಿಲ್ಲ ಎಂದುಕೊಂಡ. ಆದರೂ ಕಾಲುಗಳು ನಡೆದವು.

ಬಾಗಿಲು ತೆಗೆದರೆ, ಬೀಗದ ಕೈ ತೊಡೆಯ ಮೇಲೆ ಬಿದ್ದಿತ್ತು. ಅವಳ ಎರಡೂ ಕೈ ಮಡಿಲಲ್ಲಿ ಗಂಟು ಕಟ್ಟಿಕೊಂಡು, ಬಿಡಿಸಲು ಬಾರದಂತೆ ಮರಗಟ್ಟಿದ್ದವು. ಗುಂಡು ಹಾರಿಸಿದ ಮೇಲೆ ಹಿಡಿದುಕೊಂಡದ್ದು. ಕೀಲಿ ತಿರುಗಿಸಲಾಗುತ್ತಿರಲಿಲ್ಲ.

ಅವನು ಕೇಳದೆಯೇ ಅವಳ ಬಲಗೈ ತೆಗೆದುಕೊಂಡ. ಮುರಿದು ಕೂಡಿದ ಮಣಿಕಟ್ಟು ಸೊಟ್ಟಗಿತ್ತು. ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳನ್ನು ನೀವಿದ. ಅವಳು ಕೈ ಕಿತ್ತುಕೊಳ್ಳಲಿಲ್ಲ. ಮುಂದಿನ ಗಾಜಿನಾಚೆ ನೋಡುತ್ತಿದ್ದಳು.

"ಐದು ಬಿತ್ತು," ಎಂದಳು. "ಆ ತಟ್ಟೆ ಡಸ್ಟಿನ್ ಎದೆಯಷ್ಟೇ ಅಗಲ ಇದೆ ಕಣೋ. ಚಿಕ್ಕವನಿದ್ದಾಗ ಅಲ್ಲಿ ಕಿವಿ ಇಟ್ಟು ಕಫ ಕಟ್ಟಿದೆಯಾ ಅಂತ ಕೇಳ್ತಿದ್ದೆ."

ಹರ್ಶೆಲ್ ಉಂಗುರದ ಬೆರಳನ್ನು ಬಿಡಿಸುತ್ತಿದ್ದ.

ಪ್ರತಿ ಗುರುವಾರ ಯಾವುದೂ ಒಗ್ಗದೆ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಕೈಗಳನ್ನು ಬೈದುಕೊಂಡೇ ಹೋಗುತ್ತಿದ್ದಳಂತೆ. ಆದರೆ ಆ ಐದು ಗುರುವಾರ ಮಾತ್ರ ನಿದ್ದೆ ಬರುತ್ತಿತ್ತಂತೆ. ಇನ್ನು ನಿದ್ದೆ ಬರೋದಿಲ್ಲ, ಎಂದಳು. ಅವನ ಮೇಲೆ ಹಾರಿಸೋಕೆ ನನ್ನ ಕೈಲಾಗೋದಿಲ್ಲ ಅಂತ ಇನ್ನು ಹೇಳಿಕೊಳ್ಳೋ ಹಾಗಿಲ್ಲ. ಅವಳ ದನಿ ಏರಲಿಲ್ಲ. ಕಣ್ಣೀರು ಮಾತ್ರ ಒರೆಸುವವರಿಲ್ಲದೆ ಗದ್ದದ ತನಕ ಇಳಿಯಿತು.

ಮನೆ ಬಿಟ್ಟು ತನ್ನಲ್ಲಿಗೆ ಬಂದುಬಿಡು ಎಂದ ಹರ್ಶೆಲ್. ಇವತ್ತೇ, ಈಗಲೇ, ಅಂಗಡಿ ಮುಚ್ಚಿ ಸಾಮಾನು ತುಂಬುತ್ತೇನೆ. ಒಳಗಿನ ಕೋಣೆ ನಿನಗೆ, ನನಗೆ ಹೊರಗಿನ ಮಂಚ ಸಾಕು, ಊರಿನವರು ಏನಾದರೂ ಅಂದುಕೊಳ್ಳಲಿ. ಜೀವಮಾನದಲ್ಲಿ ಒಂದೇ ಉಸಿರಿಗೆ ಅವನು ಅಷ್ಟು ಮಾತಾಡಿರಲಿಲ್ಲ.

ಗ್ಲೆನ್ನಾ ಮೊದಲ ಸಲ ಅವನ ಕಡೆ ತಿರುಗಿದಳು. ಆ ನೋಟದಲ್ಲಿ ನಗುವಿರಲಿಲ್ಲ, ಸಿಟ್ಟೂ ಇರಲಿಲ್ಲ. ಬಹಳ ಹೊತ್ತು ನೋಡಿದಳು, ಬಸ್ಸಿನ ಆ ಹುಡುಗನನ್ನು ಇವನ ಮುಖದಲ್ಲಿ ಹುಡುಕುತ್ತಿರುವ ಹಾಗೆ.

"ಬರ್ತಿದ್ದೆ. ಕೇಳಿದ್ರೆ ಮೂರನೇ ವಾರಾನೇ ಬರ್ತಿದ್ದೆ. ಆದ್ರೆ ಅವನು ಸರಿಹೋಗಿ ಬಂದಿದ್ರೆ? ಬಂದು ಬಾಗಿಲು ತಟ್ಟಿ, ಅಮ್ಮ ಇಲ್ಲ ಅಂದ್ರೆ? ಸೋಮವಾರ ನಾನು ಆ ಮನೇಲಿ ಇರ್ಲೇಬೇಕು."

ಹರ್ಶೆಲ್ ತೋರುಬೆರಳಿಗೆ ಬಂದಿದ್ದ. ಕುದುರೆ ಎಳೆಯುವ ಬೆರಳು. ಅದನ್ನು ಹೆಚ್ಚು ಹೊತ್ತು ನೀವಿದ.

"ಹಾಗಾದ್ರೆ ನಾನು ಬೆಳಿಗ್ಗೇನೇ ಬಂದು ಕೂತಿರ್ತೀನಿ. ಬಾಗಿಲು ನಾನು ತೆಗೀತೀನಿ. ಒಳ್ಳೇವನಾಗಿ ಬಂದಿದ್ರೆ ಪಕ್ಕಕ್ಕೆ ಸರೀತೀನಿ."

"ಇಲ್ಲದಿದ್ರೆ?"

"ಸರಿಯೋದಿಲ್ಲ."

"ಅವನಿಗೆ ಮೂವತ್ತಾರು. ನಿನ್ನ ಮಂಡಿಗೆ ಮೆಟ್ಟಿಲು ಹತ್ತೋಕಾಗೋದಿಲ್ಲ. ಒಂದು ಸಲ ತಳ್ಳಿದ್ರೆ ಬೀಳ್ತೀಯ."

"ಏಳ್ತೀನಿ."

"ಪಿಸ್ತೂಲು ಇರೋದು ನನ್ನ ಸೊಂಟದಲ್ಲಿ. ನೀನು ಅಡ್ಡ ನಿಂತ್ರೆ ನಾನು ಹೇಗೋ ಹೊಡೀಲಿ?"

"ಅದಕ್ಕೇ ನಿಲ್ತೀನಿ."

ರಸ್ತೆಯಲ್ಲಿ ಮರದ ದಿಮ್ಮಿ ತುಂಬಿದ ಲಾರಿಯೊಂದು ಹೋಯಿತು, ಗಾಜು ಅದುರಿತು. ಆಗ ಅವನು ಅಷ್ಟು ಹೊತ್ತು ಕಷ್ಟಪಟ್ಟು ಬಿಡಿಸಿದ್ದ ಗ್ಲೆನ್ನಾಳ ಬೆರಳುಗಳು ಒಂದೊಂದಾಗಿ ಮಡಚಿಕೊಂಡವು, ಅವನ ಕೈಯ ಸುತ್ತ. ನೋವಿಗೆ ಅವಳ ಮುಖ ಹಿಂಡಿಕೊಂಡಿತು. ಬಿಡಲಿಲ್ಲ.